ಹದಿನೈದೋ ಹದಿನಾರೋ

ಮಧ್ಯಾಹ್ನದ ಊಟ ಮುಗಿದ ಮೇಲೆ ಮೇಷ್ಟ್ರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕಾರು ಓಡಿಸುತ್ತಿದ್ದರು. ಕಾರು ಶೆಡ್ಡಿನಲ್ಲಿ ನಿಂತಿರುತ್ತಿತ್ತು, ಅದು ಬೇರೆ ಮಾತು. ಎರಡೂ ಕೈ ಗಾಳಿಯಲ್ಲಿ ಸ್ಟೀರಿಂಗ್ ಹಿಡಿದಿರುತ್ತಿದ್ದವು, ಬಲಗಾಲು ನೆಲವನ್ನು ಒತ್ತಿ ಬಿಡುತ್ತಿತ್ತು, ಮೈ ಎಡಕ್ಕೂ ಬಲಕ್ಕೂ ತುಸುವೇ ವಾಲುತ್ತಿತ್ತು. ಕೋಣೆಯ ಇನ್ನೊಂದು ಮೂಲೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿರುತ್ತಿದ್ದ ಹೆಂಡತಿ, ಬೀದಿಯವರೆಲ್ಲ ಟೈಲರಮ್ಮ ಎನ್ನುವಾಕೆ, ಕಂಡೂ ಕಾಣದ ಹಾಗೆ ಇರುತ್ತಿದ್ದಳು. ಮೆಷಿನ್ನಿನ ಸದ್ದೇ ಅವರಿಗೆ ಇಂಜಿನ್ನಿನ ಸದ್ದಾಗಿ ಒದಗುತ್ತಿದೆ ಎಂದು ಗೊತ್ತಾದ ಮೇಲಂತೂ, ಹೊಲಿಯುವ ಬಟ್ಟೆ ಇಲ್ಲದಿದ್ದರೂ ಸುಮ್ಮನೆ ಪೆಡಲ್ ತುಳಿಯುವುದಿತ್ತು. ಗಂಡನಿಗೊಂದು ಹುಚ್ಚು, ಅದಕ್ಕೆ ಹೆಂಡತಿಯ ತಾಳ.

ಮೇಷ್ಟ್ರು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು. ಊರಾಚೆಯ ರೇಸ್ ಟ್ರ್ಯಾಕನ್ನು ಹವ್ಯಾಸಿಗಳಿಗೆ ಬಿಟ್ಟುಕೊಡುವ ದಿನ ಬಂತೆಂದರೆ ತಮ್ಮ ಪುಟ್ಟ ಕಾರು ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಬಹುಮಾನವಿಲ್ಲ, ಚಪ್ಪಾಳೆಯಿಲ್ಲ, ಸುತ್ತಿ ಸುತ್ತಿ ಮನೆಗೆ ಬಂದು ಮಗುವಿನ ಹಾಗೆ ನಿದ್ದೆ ಮಾಡುವುದಷ್ಟೆ. ಆಮೇಲೆ ಕಣ್ಣಿನ ನರ ಒಣಗಿತು. ಈಗ ಅವರಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟೇ ಗೊತ್ತಾಗುತ್ತದೆ.

"ಮುಖಗಳು ಮರೀತಿವೆ ಕಣೇ," ಎಂದರು ಒಂದು ದಿನ. "ನಮ್ಮಣ್ಣನ್ನ ನೆನಪಿಸ್ಕೊಂಡ್ರೆ ಬರೀ ಮೀಸೆ ಬರುತ್ತೆ. ಟ್ರ್ಯಾಕ್ ಒಂದು ಮಾತ್ರ ಪೂರ್ತಿ ಇದೆ. ಆದ್ರೆ ಅದು ನಿಜವಾದದ್ದೋ, ಕೂತ್ಕೊಂಡು ನಾನೇ ಕಟ್ಕೊಂಡಿದ್ದೋ, ಅದೇ ತಿಳೀತಿಲ್ಲ. ತಲೇಲಿರೋದೆಲ್ಲ ಸುಳ್ಳು ಅಂತಾದ್ರೆ ಇನ್ನು ನನ್ನ ಹತ್ರ ಏನಿದೆ ಹೇಳು. ಒಂದ್ಸಲ ಅಲ್ಲಿಗೆ ಹೋಗಿ ಪಕ್ಕದಲ್ಲಿ ಕೂತು ನೋಡ್ಬೇಕು. ನೀನು ಓಡ್ಸು."

"ನಾನಾ? ಬಟ್ಟೆ ಗಂಟು ಕಾರಲ್ಲಿ ಹಾಕ್ಕೊಂಡು ಮೆಲ್ಲಗೆ ಅಂಗಡಿಗೆ ಹೋಗಿ ಬರೋಳು ನಾನು."

"ಅದು ಕಾರಿಗೆ ಗೊತ್ತಿಲ್ವಲ್ಲ."

ಶೆಡ್ಡಿನಲ್ಲಿ ಮೇಷ್ಟ್ರು ಟ್ರ್ಯಾಕಿಗೆಂದೇ ಬೇರೆ ಇಟ್ಟಿದ್ದ ಚಕ್ರಗಳು ಧೂಳು ಹೊದ್ದು ಮಲಗಿದ್ದವು. ಟೈರುಗಳು ಒಣಗಿ ಕಲ್ಲಾಗಿದ್ದವು, ಹೊಸದು ಬೇಕಿತ್ತು. "ಹದಿನೈದು ಇಂಚಿನ ರಿಮ್ಮು, ನೆನಪಿಟ್ಕೋ," ಎಂದರು ಮೇಷ್ಟ್ರು. "ಅದಕ್ಕಿಂತ ದೊಡ್ಡದು ನೋಡೋಕೆ ಚೆಂದ ಅಷ್ಟೇ, ಭಾರ ಜಾಸ್ತಿ. ಅಂಟು ರಬ್ಬರಿನ ಟೈರು ತರ್ಸು, ತಿರುವಿನಲ್ಲಿ ನೆಲ ಬಿಡಲ್ಲ."

ಟೈಲರಮ್ಮ ಯಾರ ಬಾಯಿಮಾತಿನ ಅಳತೆಯನ್ನೂ ನಂಬಿದವಳಲ್ಲ. ನಂಬಿದ್ದರೆ ಅರ್ಧ ಊರು ಬಿಗಿ ರವಿಕೆಯಲ್ಲಿ ಓಡಾಡಬೇಕಾಗುತ್ತಿತ್ತು. ಕತ್ತಿನಲ್ಲಿದ್ದ ಟೇಪು ತೆಗೆದು ರಿಮ್ಮಿನ ಅಂಚಿನಿಂದ ಅಂಚಿಗೆ ಹಿಡಿದಳು. ಹದಿನಾರು, ಮೇಲೊಂದು ಚೂರು. ಇನ್ನೊಂದು ಚಕ್ರವನ್ನು ಅಳೆದಳು, ಅದೂ ಹದಿನಾರು. ಪಾಪ, ಕೈಯಾರೆ ಕಳಚಿ ಹಾಕಿದ ಚಕ್ರದ ಅಳತೆಯೇ ಮರೆತಿದೆ, ಇನ್ನು ಟ್ರ್ಯಾಕು ಎಲ್ಲಿ ಉಳಿದಿರಬೇಕು. ಗಂಡನಿಗೆ ಏನೂ ಹೇಳದೆ ಹದಿನಾರರ ಟೈರಿಗೇ ಹೇಳಿ ಕಳಿಸಿದಳು.

ಟೈರಿನಂಗಡಿಯವನನ್ನು ಎಲ್ಲರೂ ಕರೆಯುವುದು ಗಾಳಿಯಣ್ಣ ಎಂದು. ಟೈರಿಗಷ್ಟೇ ಅಲ್ಲ, ಮಾತಿಗೂ ಗಾಳಿ ತುಂಬುತ್ತಾನೆ. ಟೈರು ಬಂದ ದಿನ ರಿಮ್ಮಿನ ಮೇಲಿಟ್ಟು ನೋಡಿದರೆ ಅಣ್ಣನ ಚಡ್ಡಿ ತಮ್ಮನಿಗೆ ತೊಡಿಸಿದ ಹಾಗಿತ್ತು.

"ಅತ್ತಿಗೆ, ಎಲ್ಲಿಂದ ಎಲ್ಲಿಗೆ ಅಳೆದ್ರಿ?"

"ಅಂಚಿನಿಂದ ಅಂಚಿಗೆ."

"ಅಂಚು ಲೆಕ್ಕಕ್ಕಿಲ್ಲ. ಟೈರು ಒಳಗೆ ಕೂರೋ ಜಾಗ ಅಳೀಬೇಕು. ಮಡಚಿ ಹೊಲಿಯೋ ಬಟ್ಟೇನೂ ಸೇರ್ಸಿ ಸೊಂಟದ ಅಳತೆ ಬರ್ಕೊಂಡ ಹಾಗಾಯ್ತು ನೋಡಿ. ಮೇಷ್ಟ್ರನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ರು, ಇದು ಹದಿನೈದೇ."

ಅವಳು ಪೆಚ್ಚಾದಳು. ಊರಿನವರ ಸೊಂಟವನ್ನೆಲ್ಲ ಅಳೆದವಳು ಒಂದು ಚಕ್ರದ ಮುಂದೆ ಸೋತದ್ದಕ್ಕಲ್ಲ, ಅದಕ್ಕೆ ನಗಬಹುದಿತ್ತು. ಸರಿಯಾಗಿ ಹೇಳಿದ ಗಂಡನಿಗೆ ಮರೆವು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದಳಲ್ಲ, ಅದು ಚುಚ್ಚಿತು.

ಹದಿನೈದರಲ್ಲಿ ಅಂಟು ಟೈರು ಆ ವಾರ ಸಿಗುವಂತಿರಲಿಲ್ಲ. ಇದ್ದದ್ದು ದಿನನಿತ್ಯ ರಸ್ತೆಯಲ್ಲಿ ಓಡುವ ಸಾಧಾರಣ ಟೈರು. "ಬೇಜಾರು ಬೇಡ," ಎಂದ ಗಾಳಿಯಣ್ಣ. "ಅಂಟು ಟೈರು ಹಿಡಿದಷ್ಟು ಹೊತ್ತು ಹಿಡಿಯುತ್ತೆ, ಬಿಡೋವಾಗ ಹೇಳ್ದೆ ಕೇಳ್ದೆ ಬಿಡುತ್ತೆ. ಇದು ಬಡಪಾಯಿ, ಮೊದಲೇ ಕಿರುಚ್ಕೊಳ್ಳುತ್ತೆ. ಹೊಸಬರಿಗೆ ಇದೇ ವಾಸಿ."

ಟ್ರ್ಯಾಕಿನ ದಿನ ಬೆಳಗ್ಗೆ ತೆಳ್ಳಗೆ ಮಂಜು ಹರಡಿತ್ತು. ಟ್ರ್ಯಾಕಿನ ರಸ್ತೆ ಎದುರಿನಿಂದ ಬಿಚ್ಚಿಕೊಳ್ಳುತ್ತ ಬಂದು ಹಿಂದೆ ಸುತ್ತಿಕೊಳ್ಳುತ್ತಿತ್ತು. ಹುಲ್ಲಿಗೆ ಬಣ್ಣವಿರಲಿಲ್ಲ, ಆಕಾಶಕ್ಕೂ ಇರಲಿಲ್ಲ. ಕಾರು ನಿಂತಲ್ಲೇ ನಿಂತಿದೆ, ಲೋಕವೇ ಜಾರಿಕೊಂಡು ಹೋಗುತ್ತಿದೆ ಎಂದು ಟೈಲರಮ್ಮನಿಗೆ ಅನಿಸಿತು. ಪಕ್ಕದಲ್ಲಿ ಹೆಲ್ಮೆಟ್ ತೊಟ್ಟು ಕೂತ ಮೇಷ್ಟ್ರು, ಸ್ಟೀರಿಂಗ್ ತಿರುಗಿಸಬೇಕಾದ ಕಡೆಯಲ್ಲೆಲ್ಲ ತಾವು "ಈಗ" ಎನ್ನುವುದೆಂದು ಮೊದಲೇ ಹೇಳಿದ್ದರು.

"ಈಗ," ಎಂದರು.

ತಿರುವು ಇನ್ನೂ ದೂರದಲ್ಲಿತ್ತು. ಅವಳು ಮುಂದೆ ಹೋಗಿ ತಿರುಗಿಸಿದಳು. ಮತ್ತೊಮ್ಮೆ "ಈಗ" ಎಂದರು, ಆಗಲೂ ಎದುರಿಗೆ ನೇರ ರಸ್ತೆಯೇ ಇತ್ತು. ಸುತ್ತು ಮುಗಿಯುವಷ್ಟರಲ್ಲಿ ಅವರ ದನಿ ಇಳಿದುಹೋಗಿತ್ತು.

"ನಾನು ಹೇಳಿದ ಕಡೆ ತಿರುವು ಇತ್ತಾ?"

"ಇತ್ತು."

"ಸುಳ್ಳು ಹೇಳ್ಬೇಡ, ಮೈಗೆ ಗೊತ್ತಾಗುತ್ತೆ. ಎಲ್ಲಾ ಮುಂಚೇನೇ ಹೇಳ್ತಿದೀನಿ. ಹೋಯ್ತು ಬಿಡು, ಇದೂ ನಾನೇ ಕಟ್ಕೊಂಡಿದ್ದು. ಮನೆಗೆ ನಡಿ."

ಅವಳಿಗೆ ಅಳು ಬಂತು. ಅಳುವಿನ ಜೊತೆಗೇ ಒಂದು ಅನುಮಾನವೂ ಬಂತು. ಎಲ್ಲವೂ ಮುಂಚೆ, ಒಂದಾದರೂ ತಡವಿಲ್ಲ. ಗಂಡ ತಪ್ಪಿದ್ದಾರೆ ಎಂದು ಇನ್ನೊಮ್ಮೆ ಒಪ್ಪಿಕೊಳ್ಳಲು ಅವಳ ಮನಸ್ಸು ತಯಾರಿರಲಿಲ್ಲ. ಅವರ ತಲೆಯೊಳಗಿನ ಕಾರು ಯಾವ ವೇಗದಲ್ಲಿ ಓಡುತ್ತಿದೆ? ಅವರು ಓಡಿಸುತ್ತಿದ್ದ ವೇಗದಲ್ಲಿ. ಇದು ಓಡುತ್ತಿರುವುದು? ಬಟ್ಟೆ ಗಂಟಿನ ವೇಗದಲ್ಲಿ.

"ರೀ, ನಿಮ್ಮ ಟ್ರ್ಯಾಕ್ ಸರಿಯಾಗೇ ಇದೆ. ನಾನು ನಿಧಾನ."

"ಸಮಾಧಾನ ಹೇಳೋಕೆ ಬರ್ಬೇಡ."

"ಸಮಾಧಾನ ಅಲ್ಲ. ಇನ್ನೊಂದು ಸುತ್ತು ಹೋಗ್ತೀನಿ, ನೀವು ಹೇಳ್ತಾ ಇರಿ."

ಅವಳು ಕಾಲು ಒತ್ತಿದಳು. "ಈಗ" ಎಂಬ ಮಾತು ಇನ್ನೂ ಮುಂಚೆಯೇ ಬಂತು, ಆದರೆ ಮೊದಲಿನಷ್ಟು ಮುಂಚೆಯಲ್ಲ. ತಿರುವಿನಲ್ಲಿ ಟೈರು ಸಣ್ಣಗೆ ಕುಂಯ್ ಎಂದಿತು. ಇಷ್ಟೇ ಕೂಗಿದರೆ ವೇಗ ಏರಿಸಲು ಇನ್ನೂ ಜಾಗವಿದೆ ಎಂದು ಅವಳಿಗೆ ಅರ್ಥವಾಯಿತು. ಮತ್ತೆ ಒತ್ತಿದಳು. ಸುತ್ತಿನಿಂದ ಸುತ್ತಿಗೆ ಮಾತೂ ತಿರುವೂ ಹತ್ತಿರ ಹತ್ತಿರ ಬಂದವು, ಟೈರಿನ ಕೂಗು ಏರುತ್ತಾ ಹೋಯಿತು. ಹೆದರಿಕೆ ಇರಲಿಲ್ಲವೆಂದಲ್ಲ, ಹೆದರಿಕೆಯೂ ದೂರದಲ್ಲೆಲ್ಲೋ ಬೇರೆ ಯಾರಿಗೋ ಆಗುತ್ತಿರುವಂತಿತ್ತು. ಟ್ರ್ಯಾಕಿನ ಹಿಂಬದಿಯ ಉದ್ದನೆಯ ತಿರುವಿನಲ್ಲಿ ಅವರು "ಈಗ" ಎಂದಾಗ ಅವಳ ಕೈ ಆಗಲೇ ತಿರುಗುತ್ತಿತ್ತು. ಅವರು ಹೇಳಿದ್ದಕ್ಕೆ ತಿರುಗಿತೋ, ತಿರುವು ಬಂದದ್ದಕ್ಕೆ ತಿರುಗಿತೋ ಅವಳಿಗೇ ತಿಳಿಯಲಿಲ್ಲ. ಟೈರು ಜೋರಾಗಿ ಕಿರುಚಿತು, ನೆಲ ಬಿಡಲಿಲ್ಲ. ಮುಂದಿನದೂ ಹಾಗೆಯೇ ಕೂಡಿಬಂತು, ಅದರ ಮುಂದಿನದೂ.

"ನಿಧಾನ ಮಾಡು, ಸಾಕು," ಎಂದರು ಮೇಷ್ಟ್ರು.

"ಹೆದರಿಕೆ ಆಯ್ತಾ?"

"ಇಲ್ಲ ಕಣೇ. ಇದೆ. ಟ್ರ್ಯಾಕ್ ಎಲ್ಲಾ ಇದ್ದ ಹಾಗೇ ಇದೆ."

ಕಾರು ನಿಧಾನವಾಯಿತು, ಟೈರು ಸುಮ್ಮನಾಯಿತು. ಮೇಷ್ಟ್ರು ಹೆಲ್ಮೆಟ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ನಾಚಿಕೊಂಡವರ ಹಾಗೆ, ಮುಖ ಆ ಕಡೆ ಮಾಡಿಕೊಂಡೇ ಹೇಳಿದರು:

"ಹಾಗಾದ್ರೆ, ನಿನ್ನ ಮುಖ ಅಂತ ನಾನು ತಲೇಲಿ ಇಟ್ಕೊಂಡಿರೋದೂ ನಿಂದೇ."