ಸಾರಂಗನಿಗೆ ಕುಡಿಸಿದ್ದು

ಸುಮನಾ ಒಂದೊಂದೇ ಡಬ್ಬಿ ತೆರೆದು ಅಲ್ಯೂಮಿನಿಯಂ ತಪ್ಪಲೆಗೆ ಸುರಿಯುತ್ತಿದ್ದಳು. ಹಳದಿ ನೀರು ಬುಸುಗುಟ್ಟಿ ನೊರೆ ಎದ್ದು ಅಂಚಿನವರೆಗೂ ಬರುತ್ತಿತ್ತು. ಗ್ಯಾಸು ಹೋಗುವವರೆಗೂ ಸೌಟಿನಿಂದ ತಿರುವಬೇಕೆಂದು ಅಣ್ಣ ರುದ್ರಮೂರ್ತಿ ಹೇಳಿದ್ದ. ಅವಳು ತಿರುವಿದಳು. ಹನ್ನೆರಡು ಡಬ್ಬಿ ಖಾಲಿಯಾಗುವವರೆಗೂ ಅವನು ಕೊಟ್ಟಿಗೆಯ ಮುಂದೆ ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದ.

ಇನ್ನೂ ಬೆಳಿಗ್ಗೆ ಏಳು ಗಂಟೆ. ಹನ್ನೊಂದಕ್ಕೆ ಸಿಂಗಟಗೆರೆಯ ಬಯಲಿನಲ್ಲಿ ಜೋಡೆತ್ತಿನ ಗಾಡಿ ಓಟ. ಅಣ್ಣನ ಜೋಡಿ ಸಾರಂಗ ಮತ್ತು ಕೆಂಚ. ಹೋದ ವರ್ಷ ಎರಡು ಕಡೆ ಓಡಿ ಎರಡು ಕಡೆಯೂ ಎರಡನೆಯದಾಗಿ ಬಂದಿದ್ದವು. ಗೆದ್ದವನ ಹೆಸರನ್ನು ಮೈಕಿನಲ್ಲಿ ಸಂಜೆಯವರೆಗೂ ಕೂಗುತ್ತಾರೆ, ಎರಡನೆಯವನನ್ನು ಊಟಕ್ಕೂ ಕರೆಯುವುದಿಲ್ಲ ಎಂದು ರುದ್ರಮೂರ್ತಿ ವರ್ಷವೆಲ್ಲ ಗೊಣಗಿದ್ದ.

ಡಬ್ಬಿಗಳನ್ನು ತಂದವನು ಅವನ ಗೆಳೆಯ ಗುರುಮೂರ್ತಿ. ತರೀಕೆರೆಯಿಂದ ಅಜ್ಜಂಪುರದ ತನಕ ಅಂಗಡಿಗಳಿಗೆ ಇಂಥ ಎನರ್ಜಿ ಪಾನೀಯ ಹಾಕುವ ವ್ಯಾನಿನ ಡ್ರೈವರು. ಹಿಂದಿನ ದಿನ ಜಗಲಿಯ ಮೇಲೆ ಕೂತು ವಿವರಿಸಿದ್ದ.

"ಇದ್ರಲ್ಲಿ ಟಾರಿನ್ ಅಂತ ಒಂದೈತೆ ಕಣೋ. ಮೊದ್ಲು ಅದು ಸಿಕ್ಕಿದ್ದೇ ಎತ್ತಿನ ಪಿತ್ತದಲ್ಲಂತೆ, ಫೋನಲ್ಲಿ ನೋಡ್ದೆ. ಎತ್ತಿಂದ ಬಂದಿದ್ದು ಕುಡ್ದೇ ಮನುಷ್ರು ಹಿಂಗೆ ಕುಣೀತಾರೆ. ಎತ್ತಿಗೇ ವಾಪಸ್ ಕೊಟ್ರೆ ಹೆಂಗಿರ್ಬೇಡ ಹೇಳು."

"ಅದೂ ಸರೀನೆ," ಎಂದಿದ್ದ ರುದ್ರಮೂರ್ತಿ.

ಗುರುಮೂರ್ತಿ ತಾನೇ ದಿನಕ್ಕೆ ನಾಲ್ಕು ಡಬ್ಬಿ ಕುಡಿಯುತ್ತಿದ್ದ. ನಿದ್ದೆ ಹತ್ತುವುದಿಲ್ಲ ಎಂದು ನಗುತ್ತಲೇ ಹೇಳುತ್ತಿದ್ದ. ಕಾಫಿ ಲೋಟ ತೆಗೆದುಕೊಳ್ಳುವಾಗ ಅವನ ಬೆರಳು ನಡುಗುವುದನ್ನು ಸುಮನಾ ಗಮನಿಸಿದ್ದಳು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಅವಳು. ಬಂದವರ ಮುಂದೆ ಬಾಯಿ ಬಿಡುವುದಿಲ್ಲವಾದರೂ ಕಣ್ಣು ಸುಮ್ಮನಿರುತ್ತಿರಲಿಲ್ಲ. ಲೋಟ ತೊಳೆಯಲು ಹೋದಾಗ ಡಬ್ಬಿಯ ಹಿಂದಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ಸಕ್ಕರೆ, ಟಾರಿನ್, ಕೆಫೀನ್, ಯಾವುದೋ ವಿಟಮಿನ್ನು. ಮಕ್ಕಳಿಗೆ ಬೇಡ, ಬಸುರಿಯರಿಗೆ ಬೇಡ, ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ.

"ಅಣ್ಣ, ದಿನಕ್ಕೆ ಎರಡೇ ಅಂತ ಬರ್ದವ್ರೆ."

"ಅದು ಮನುಷ್ರಿಗೆ ಕಣೇ. ಇವು ಒಂದೊಂದೂ ನಾನೂರು ಕೆಜಿ. ನಿನ್ನ ಎಂಟ್ನೇ ಕ್ಲಾಸ್ ಡಾಕ್ಟ್ರಿಕೆ ಒಳಗಿಟ್ಕೋ."

ಗುರುಮೂರ್ತಿ ನಕ್ಕ. ಅವಳ ಕಿವಿ ಬಿಸಿಯಾಯಿತು. ಆಮೇಲೆ ಆ ಮಾತೆತ್ತಲಿಲ್ಲ.

ಈಗ ತಪ್ಪಲೆ ಸಿದ್ಧವಾಗಿತ್ತು. ರುದ್ರಮೂರ್ತಿ ಬಿದಿರಿನ ಗೊಟ್ಟ ತಂದ. ದನಗಳಿಗೆ ಔಷಧಿ ಕುಡಿಸುವ ಕೊಳವೆ ಅದು. ಮೊದಲು ಕೆಂಚನಿಗೆ ಹಿಡಿದರು. ಕೆಂಚ ಕೊಂಬು ಬೀಸಿದ, ಗೊಟ್ಟ ಹಾರಿ ಬೇಲಿಯಾಚೆ ಬಿತ್ತು. ಎರಡನೇ ಸಲವೂ ಹಾಗೇ ಆಯಿತು.

"ಇವ್ನ ಪಾಲೂ ಸಾರಂಗಂಗೇ ಹಾಕು ಅತ್ಲಾಗೆ," ಎಂದ ಅಷ್ಟರಲ್ಲಿ ಬಂದು ಬೇಲಿಗೆ ಒರಗಿದ್ದ ಗುರುಮೂರ್ತಿ.

ಸಾರಂಗ ಅಜ್ಜಂಪುರದ ಹರಾಜಿನಿಂದ ಕರುವಾಗಿ ಬಂದ ಅಮೃತಮಹಲ್ ತಳಿಯ ಎತ್ತು. ಬಂದ ಹೊಸದರಲ್ಲಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಅಣ್ಣನನ್ನು ಎರಡು ಸಲ ಗೋಡೆಗೆ ಒತ್ತಿದ್ದ. ಸುಮನಾ ಅವನನ್ನು ಮುಟ್ಟಲು ಹೋಗದೆ ನಾಲ್ಕು ತಿಂಗಳು ಸುಮ್ಮನೆ ಕೊಟ್ಟಿಗೆಯ ಮೂಲೆಯಲ್ಲಿ ಕೂತು ಅವರೆಕಾಯಿ ಬಿಡಿಸಿದ್ದಳು. ಒಂದು ಮಧ್ಯಾಹ್ನ ಅವನೇ ಬಂದು ಅವಳ ಭುಜಕ್ಕೆ ಮೂತಿ ಇಟ್ಟಿದ್ದ. ಅಂದಿನಿಂದ ಅವಳು ದವಡೆ ಹಿಡಿದರೆ ಮಾತ್ರ ಬಾಯಿ ತೆರೆಯುತ್ತಿದ್ದ.

ಅವಳು ದವಡೆ ಹಿಡಿದಳು. ಅವನು ತೆರೆದ. ಅಣ್ಣ ಗೊಟ್ಟದ ಮೇಲೆ ಗೊಟ್ಟ ಸುರಿದ. ಸಾರಂಗ ನುಂಗುತ್ತಾ ಅವಳನ್ನೇ ನೋಡುತ್ತಿದ್ದ.

ಅವಳಿಲ್ಲದೆ ಸಾರಂಗ ಎತ್ತು ಸಾಗಿಸುವ ಟೆಂಪೋ ಹತ್ತುವುದಿಲ್ಲವಾದ್ದರಿಂದ ಅವಳೂ ಬಯಲಿಗೆ ಹೋದಳು. ಅಂದು ಅವನು ಓಡಿದಂತೆ ಆ ಬಯಲಿನಲ್ಲಿ ಯಾವ ಎತ್ತೂ ಓಡಲಿಲ್ಲ. ಕೆಂಚನನ್ನು ಎಳೆದುಕೊಂಡೇ ಓಡಿದ. ಮೈಕಿನವನು ರುದ್ರಮೂರ್ತಿಯ ಹೆಸರನ್ನು ಮೂರು ಸಲ ಕೂಗಿದ. ಆದರೆ ಗೆರೆ ದಾಟಿದ ಮೇಲೂ ಸಾರಂಗ ನಿಲ್ಲಲಿಲ್ಲ. ಜನ ಚದುರಿದರು. ಜಾಲಿ ಪೊದೆಗೆ ನುಗ್ಗಿ ನೊಗ ಸಿಕ್ಕಿಕೊಂಡಾಗಲೇ ನಿಂತದ್ದು. ನೊಗ ಕಳಚಿದರೆ ನಾಲ್ಕೂ ಕಾಲು ನಡುಗುತ್ತಿದ್ದವು, ಎಡಗಡೆ ಹೊಟ್ಟೆ ಉಬ್ಬುತ್ತಿತ್ತು. ಸುಮನಾ ಎದೆಯ ಪಕ್ಕ ಕೈ ಇಟ್ಟಳು. ಗುಂಡಿಗೆ ಇನ್ನೂ ಓಡುತ್ತಲೇ ಇತ್ತು. ಅವನು ಮೊಣಕಾಲೂರಿ ಮಲಗಿದ.

ಓಟಕ್ಕೆಂದು ಬಂದಿದ್ದ ಪಶುವೈದ್ಯ ಮುರಳೀಕೃಷ್ಣ ಓಡಿ ಬಂದರು.

"ಬೆಳಿಗ್ಗೆ ಏನು ಕೊಟ್ರಿ?"

"ಹುರುಳಿ ನುಚ್ಚು ಸರ್. ದಿನಾ ಕೊಡೋದೇ," ಎಂದ ರುದ್ರಮೂರ್ತಿ.

"ಬೇರೇನೂ ಕುಡಿಸಿಲ್ವಾ? ನಿಜ ಹೇಳಿ, ಅದ್ರ ಮೇಲೆ ಔಷಧಿ ಹಾಕ್ಬೇಕು ನಾನು."

"ಇಲ್ಲ ಸರ್."

ಗುರುಮೂರ್ತಿ ಫೋನು ನೋಡುತ್ತಿದ್ದ. ಸುತ್ತ ಐವತ್ತು ಗಂಡಸರು. ಸುಮನಾ ಬಾಯಿ ತೆರೆದಳು. ಅಣ್ಣ ಅವಳನ್ನು ಒಂದು ಸಲ ನೋಡಿದ. ಅವಳು ಬಾಯಿ ಮುಚ್ಚಿದಳು. ಬಿಸಿಲಿನ ಹೊಡೆತ ಇರಬೇಕೆಂದು ಡಾಕ್ಟರು ಸೂಜಿ ಚುಚ್ಚಿದರು, ತಲೆಗೆ ನೀರು ಹಾಕಿಸಿದರು. ಕೊಡದ ಮೇಲೆ ಕೊಡ ನೀರು ಬಂತು. ಅರ್ಧ ಗಂಟೆ ಹೋಯಿತು. ಸಾರಂಗ ಕತ್ತು ನೀಡಿ ನೆಲಕ್ಕೆ ಇಟ್ಟಾಗ ಅವಳು ಡಾಕ್ಟರ ಪಕ್ಕ ಹೋಗಿ ಕೂತು ಪಿಸುಗುಟ್ಟಿದಳು.

"ಹನ್ನೆರಡು ಡಬ್ಬಿ ಸರ್. ಆ ಎನರ್ಜಿ ಕುಡಿಯೋದು. ನಾನೇ ದವಡೆ ಹಿಡ್ಕೊಂಡಿದ್ದೆ."

ಡಾಕ್ಟರು ತಟ್ಟನೆ ತಮ್ಮ ಚೀಲ ಎಳೆದುಕೊಂಡರು.

"ಆಗ್ಲೇ ಹೇಳ್ಬಾರ್ದಿತ್ತೇನಮ್ಮ."

"ಅದ್ರಲ್ಲಿ ಟಾರಿನ್ ಇತ್ತು ಸರ್, ಎತ್ತಿಂದೇ ಅದು," ಎಂದ ಗುರುಮೂರ್ತಿ ಹಿಂದಿನಿಂದ.

"ಅದು ಇದರ ಮೈಯಲ್ಲೇ ಬೇಕಾದಷ್ಟಿದೆ. ಯಾರೂ ತಂದು ಕೊಡ್ಬೇಕಾಗಿರ್ಲಿಲ್ಲ," ಎಂದರು ಡಾಕ್ಟರು, ಹೊಟ್ಟೆಯ ಗಾಳಿ ತೆಗೆಯಲು ಸಲಕರಣೆ ಹುಡುಕುತ್ತಲೇ. "ಕೆಫೀನು ಸುಸ್ತನ್ನ ಮರೆಸುತ್ತೆ ಅಷ್ಟೆ, ಸುಸ್ತು ಹೋಗಿರಲ್ಲ. ನಿಲ್ಲಬೇಕು ಅಂತ ಇದಕ್ಕೆ ಗೊತ್ತೇ ಆಗಿಲ್ಲ. ಮೆಲುಕು ಹಾಕೋ ಹೊಟ್ಟೆಗೆ ಅಷ್ಟೊಂದು ಸಕ್ಕರೆ ಬೇರೆ."

ಗಾಳಿ ಹೊರಬಂತು. ಅದರ ಹಿಂದೆಯೇ ಸಾರಂಗನ ಉಸಿರು ನಿಂತಿತು. ಸುಮನಾ ದವಡೆಯ ಕೆಳಗೆ ಕೈ ಇಟ್ಟುಕೊಂಡೇ ಇದ್ದಳು. ಡಾಕ್ಟರೇ ಮೆಲ್ಲಗೆ ಬಿಡಿಸಿದರು.

ಸಂಜೆ ಬಯಲಿನ ಅಂಚಿನಲ್ಲೇ ಜೆಸಿಬಿ ತಂದು ಗುಂಡಿ ತೋಡಿದರು. ಬಹುಮಾನದ ಮಾತು ಯಾರೂ ಎತ್ತಲಿಲ್ಲ. ರುದ್ರಮೂರ್ತಿ ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಮಣ್ಣು ಮುಚ್ಚುವವರೆಗೂ ಕೂತಿದ್ದ. ಅವನ ಭುಜ ಅಲುಗುತ್ತಿದ್ದುದನ್ನು ಅವಳು ಕಂಡಳು. ಹತ್ತಿರ ಹೋಗಬೇಕೆನಿಸಿತು, ಹೋಗಲಿಲ್ಲ.

ವಾಪಸು ಬರುವಾಗ ಟೆಂಪೋದ ಹಿಂಭಾಗದಲ್ಲಿ ಕೆಂಚನ ಪಕ್ಕ ಅವಳು ನಿಂತಿದ್ದಳು. ಕೆಂಚ ಖಾಲಿ ಜಾಗದ ಕಡೆ ಮೂಗು ಚಾಚಿ ಚಾಚಿ ಕೂಗುತ್ತಿದ್ದ. ಮುಂದಿನ ಸೀಟಿನಿಂದ ಗುರುಮೂರ್ತಿಯ ಮಾತು ಕೇಳಿಸುತ್ತಿತ್ತು.

"ಆಗಿದ್ದು ಆಯ್ತು ಬಿಡೋ. ಲಕ್ಕವಳ್ಳಿ ಕಡೆ ದೇವೀರಪ್ಪನ ಹತ್ರ ಒಂದು ಒಂಟಿ ಎತ್ತೈತೆ. ಕೆಂಚಂಗೆ ಜೋಡಿ ಆಗುತ್ತೆ. ಮುಂದಿನ ತಿಂಗ್ಳು ತರೀಕೆರೇಲಿ ಓಟ ಐತಲ್ಲ."

ಅಣ್ಣ ಬೇಡ ಎನ್ನುತ್ತಾನೆಂದು ಅವಳು ಕಾದಳು. ಗಾಡಿ ಒಂದು ಊರು ದಾಟಿತು, ಇನ್ನೊಂದು ದಾಟಿತು. ಮನೆಯ ಮುಂದೆ ಇಳಿದು ಕೆಂಚನ ಹಗ್ಗ ಕೈಗೆ ತೆಗೆದುಕೊಳ್ಳುವಾಗ ಅವಳೇ ಹೇಳಿದಳು. ಗುರುಮೂರ್ತಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು ಧ್ವನಿ.

"ಅಣ್ಣ, ಕೆಂಚನ್ನ ಇನ್ ಓಡಿಸ್ಬೇಡ."

ಅಣ್ಣನೂ ಗುರುಮೂರ್ತಿಯೂ ತಿರುಗಿ ನೋಡದೆ ಗಾಡಿಯ ಹಿಂಬಾಗಿಲನ್ನು ಎತ್ತಿ ಕೊಂಡಿ ಹಾಕುತ್ತಿದ್ದರು.

"ಓಡಿಸ್ಬೇಡ ಕಣಣ್ಣ."