ಮೂರನೆಯ ಕೆಮ್ಮು

ಜನಪದ ಹಾಡಿಗೆ ಗಿಟಾರು ಕಟ್ಟಿ ಕುಣಿಸುವ ಆ ಗುಂಪನ್ನು ಅಲ್ಲಿಯತನಕ ಯಾವ ಪತ್ರಿಕೆಯೂ ಮೂಸಿ ನೋಡಿರಲಿಲ್ಲ. ಹೊಸ ಆಲ್ಬಂ ಬಂದದ್ದೇ ತಡ, ಎಲ್ಲರೂ ಮುಗಿಬಿದ್ದು ಹೊಗಳತೊಡಗಿದರು. ಹೊಗಳಿದ್ದು ಗಿಟಾರನ್ನಲ್ಲ, ಗಾಯಕನ ಕಂಠವನ್ನೂ ಅಲ್ಲ. ಕೊನೆಯ ಹಾಡಿನ ನಡುವೆ ಬರುವ ಒಂದು ಕೆಮ್ಮನ್ನು.

ಆ ಕೆಮ್ಮು ಡ್ರಮ್ ಬಾರಿಸುವವಳ ತಾಯಿಯದು. ಆ ತಾಯಿ ಅರ್ಧ ಆಯುಸ್ಸು ನೂಲಿನ ಗಿರಣಿಯಲ್ಲಿ ಕಳೆದವಳು. ಹತ್ತಿಯ ಧೂಳು ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಮಗಳನ್ನು ಮಲಗಿಸಲು ಹಾಡುತ್ತಿದ್ದ ಲಾಲಿಯನ್ನು ಧ್ವನಿಮುದ್ರಣಕ್ಕೆ ಹಾಡಿಕೊಡಲು ಇಸ್ತ್ರಿ ಸೀರೆ ಉಟ್ಟು ಬಂದಿದ್ದಳು. ಎರಡನೆಯ ಚರಣದಲ್ಲಿ ಕೆಮ್ಮು ಒತ್ತರಿಸಿ ಬಂತು. ಕಫ ಎಳೆದು, ಕರವಸ್ತ್ರಕ್ಕೆ ಉಗಿದು, ಅದನ್ನು ಯಾರಿಗೂ ಕಾಣದಂತೆ ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು. ‘ಇದನ್ನ ತೆಗೆದುಬಿಡ್ರಪ್ಪ, ಅಸಹ್ಯ’ ಎಂದಳು. ಗುಂಪಿನ ಗಾಯಕ, ಎಲ್ಲರೂ ಗಡ್ಡದಣ್ಣ ಎಂದು ಕರೆಯುವವನು, ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ.

ತೆಗೆಯಲಿಲ್ಲ. ಆಲ್ಬಂ ಬಂದ ಮೇಲೆ ಮಗಳು ಕೇಳಿದ್ದಕ್ಕೆ ಮರೆತುಹೋಯಿತು, ತಿದ್ದಿ ಮತ್ತೆ ಹಾಕುತ್ತೇವೆ ಎಂದ. ಅವಳು ನಂಬಿ ಅಮ್ಮನಿಗೂ ಹಾಗೇ ಹೇಳಿದಳು.

ಅಷ್ಟರಲ್ಲಿ ವಿಮರ್ಶೆಗಳು ಬಂದವು. ಒಬ್ಬರು ಆ ಕಫದಲ್ಲಿ ನೆಲದ ನೆನಪಿದೆ ಎಂದು ಬರೆದರು. ಇನ್ನೊಬ್ಬರಿಗೆ ಅದು ಶತಮಾನಗಳ ಗಂಟಲು. ಮತ್ತೊಬ್ಬರಂತೂ, ಆ ತಾಯಿ ಉಗಿದದ್ದು ನಾಗರಿಕತೆಯ ಮುಖಕ್ಕೆ ಎಂದುಬಿಟ್ಟರು. ಪಾಪ, ಆಕೆ ಉಗಿದದ್ದು ಅಂಚಿಗೆ ಹೂ ಹೆಣೆದ ಬಿಳಿ ಕರವಸ್ತ್ರಕ್ಕೆ. ಪಕ್ಕದ ಮನೆಯವಳು ಮೊಬೈಲಿನಲ್ಲಿ ಆ ಕೆಮ್ಮನ್ನೇ ಹಾಕಿ ಕೇಳಿಸಿ, ನಿಮ್ಮ ಕಫಕ್ಕೂ ಒಳ್ಳೇ ಕಾಲ ಬಂತಲ್ಲ ಅಕ್ಕ ಎಂದು ನಕ್ಕಳಂತೆ. ಅವತ್ತಿನಿಂದ ಅಮ್ಮ ಹೊಸ್ತಿಲು ದಾಟಿರಲಿಲ್ಲ.

ಇವತ್ತು ತೆಗೆಸಿಯೇ ಬರುತ್ತೇನೆ ಎಂದು ಹೇಳಿ ಮಗಳು ತಾಲೀಮಿನ ಕೋಣೆಗೆ ಹೋದಳು. ಸದ್ದು ಹೊರಹೋಗದಂತೆ ಗೋಡೆಗೆ ಹೊಡೆದ ಹಳೆಯ ಹಾಸಿಗೆಗಳಿಂದ ಬೆವರಿನ ಮುಗ್ಗಲು ವಾಸನೆ ಬರುತ್ತಿತ್ತು. ಅವುಗಳ ಮೇಲೆ ಗಿಟಾರಿನವನು ವಿಮರ್ಶೆಗಳನ್ನು ಕತ್ತರಿಸಿ ಗುಂಡುಸೂಜಿಯಿಂದ ಚುಚ್ಚಿದ್ದ. ಕಫ ಎಂಬ ಪದ ಬಂದಲ್ಲೆಲ್ಲ ಹಳದಿ ಗೆರೆ ಎಳೆದಿದ್ದ.

ಅವಳು ವಿಷಯ ತೆಗೆದಳು. ಗಡ್ಡದಣ್ಣ ಬೆಣ್ಣೆಯಂತೆ ಮಾತಾಡಿದ. ಅಮ್ಮನನ್ನು ತಾನು ದೇವರ ಹಾಗೆ ನೋಡುವುದಾಗಿ ಹೇಳಿದ. ಮುಂದಿನ ಕಾರ್ಯಕ್ರಮದಲ್ಲಿ ವೇದಿಕೆಯ ಮೇಲೆ ಕುರ್ಚಿ ಹಾಕಿಸಿ, ಶಾಲು ಹೊದಿಸಿ, ಮೈಕು ಕೊಡಿಸುತ್ತೇನೆ, ಅಲ್ಲೂ ಹಾಗೇ ಕೆಮ್ಮಿದರೆ ಸಾಕು ಎಂದ.

‘ಅವಳು ಬರಲ್ಲ ಅಣ್ಣ. ತೆಗೀತೀನಿ ಅಂತ ನೀವೇ ಹೇಳಿದ್ರಿ.’

‘ತೆಗೆದ್ರೆ ಏನಮ್ಮ ಉಳಿಯುತ್ತೆ? ನಮ್ಮ ಗಿಟಾರ್ ಬಗ್ಗೆ ಒಬ್ಬನಾದ್ರೂ ಒಂದು ಸಾಲು ಬರೆದಿದಾನಾ?’

ಗಿಟಾರಿನವನು ತಲೆ ತಗ್ಗಿಸಿದ.

ಸರಿ, ಅಮ್ಮ ಬರದಿದ್ದರೆ ತಾನೇ ಮಾಡುತ್ತೇನೆ ಎಂದ ಗಡ್ಡದಣ್ಣ. ಬೆನ್ನು ಬಾಗಿಸಿ, ಎದೆ ಹಿಡಿದುಕೊಂಡು, ಮೈಕಿನ ಮುಂದೆ ಕೆಮ್ಮತೊಡಗಿದ. ಒಂದು, ಎರಡು, ಮೂರು. ಚೆನ್ನಾಗಿ ಬರಲಿಲ್ಲ. ಬಿಸಿನೀರು ಕುಡಿದು ಮತ್ತೆ ಕೆಮ್ಮಿದ. ಎಂಜಲು ಗಡ್ಡಕ್ಕೆ ಸಿಡಿದು ಅಲ್ಲೇ ನೇತಾಡಿತು. ಅವಳು ಎದ್ದು ಹೋಗಬೇಕಿತ್ತು. ಆದರೆ ಡ್ರಮ್ಮಿನವರ ಕಿವಿ ಕೆಟ್ಟದ್ದು. ತಾಳ ತಪ್ಪಿದರೆ ಅದಕ್ಕೆ ತಡೆಯಲಾಗುವುದಿಲ್ಲ.

‘ಮೂರನೇದು ಬೇಗ ಬಂತು,’ ಎಂದುಬಿಟ್ಟಳು. ‘ಎರಡಾದ್ಮೇಲೆ ಅಮ್ಮ ಉಸಿರು ಹುಡುಕ್ತಾಳೆ. ಆಮೇಲೆ ಬರೋದು.’

ನಾಲಿಗೆಗೆ ಎಲುಬಿಲ್ಲ. ಆಡಿದ ಮಾತನ್ನು ನುಂಗಲೂ ಆಗದೆ ಕೂತಳು. ಗಡ್ಡದಣ್ಣ ಕಣ್ಣರಳಿಸಿ, ಎರಡು ಕೆಮ್ಮಿ, ಗಾಳಿಗೆ ಬಾಯಿ ತೆರೆದು ಕಾದು, ಮೂರನೆಯದನ್ನು ಕೆಮ್ಮಿದ. ಥೇಟ್ ಅಮ್ಮ. ಗಿಟಾರಿನವನು ಚಪ್ಪಾಳೆ ತಟ್ಟಿದ. ಉಗಿಯುವುದು ಹೇಗೆ ಎಂದು ಗಡ್ಡದಣ್ಣ ಕೇಳುವಷ್ಟರಲ್ಲಿ ಅವಳು ಕೋಲುಗಳನ್ನು ಅಲ್ಲೇ ಬಿಟ್ಟು ಹೊರಬಿದ್ದು, ರಸ್ತೆಯ ಚರಂಡಿಯ ಬಳಿ ಕೂತು ವಾಂತಿ ಮಾಡಿಕೊಂಡಳು.

ಮನೆಯಲ್ಲಿ ಅಮ್ಮ ತೊಗರಿಬೇಳೆ ಆರಿಸುತ್ತಿದ್ದಳು. ತೆಗೆದರಾ ಎಂದು ಕೇಳಿದಳು. ಇಲ್ಲವೆಂದೂ, ತಾನು ಗುಂಪು ಬಿಟ್ಟೆನೆಂದೂ ಮಗಳು ಹೇಳಿದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಾಗಲಿಲ್ಲ. ಗಡ್ಡದಣ್ಣನ ಕೆಮ್ಮನ್ನು ತಾನು ತಿದ್ದಿಕೊಟ್ಟದ್ದನ್ನೂ ಹೇಳಿದಳು.

ಅಮ್ಮ ಮೊರ ಕೆಳಗಿಟ್ಟಳು. ‘ಹೇಗೆ ಕೆಮ್ಮಿದ? ಮಾಡಿ ತೋರಿಸು.’

‘ಬೇಡಮ್ಮ.’

‘ಅವನಿಗೆ ಹೇಳಿಕೊಡಕ್ಕೆ ಆಗುತ್ತೆ, ನಂಗೆ ತೋರಿಸಕ್ಕೆ ಆಗಲ್ವಾ?’

ಮಗಳು ಕೆಮ್ಮಿದಳು. ಒಂದು, ಎರಡು, ಉಸಿರು ಹುಡುಕಿ, ಇನ್ನೊಂದು. ಅಮ್ಮ ಹಳಸಿದ ಅನ್ನ ಮೂಸಿದವಳಂತೆ ಮುಖ ತಿರುಗಿಸಿದಳು.

‘ಸರಿಯಾಗೇ ಇದೆ,’ ಎಂದಳು. ‘ಇನ್ಮೇಲೆ ನೀನಿದ್ದಾಗ ನಾನು ಕೆಮ್ಮೋ ಹಾಗಿಲ್ಲ.’

ಬಂದ ಕೆಮ್ಮನ್ನು ತಡೆದುಕೊಂಡು ಕೂತಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಕೊನೆಗೆ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರಿನ ಸದ್ದಿನಡಿಯಿಂದ ಒಂದು ಕೆಮ್ಮು ಕೇಳಿಸಿತು, ಇನ್ನೊಂದು ಕೇಳಿಸಿತು. ಮುಂದಿನದಕ್ಕಾಗಿ ನಿಮಿರಿ ಕಾಯುತ್ತಿದ್ದ ತನ್ನ ಕಿವಿಯ ಮೇಲೆ ಮಗಳಿಗೆ ಹೇಸಿಗೆ ಹುಟ್ಟಿತು.