ಕೇದಗೆ ಗಿಡವೂ ಮಾವನ ಮೀಸೆಯೂ

ನಮ್ಮ ಮನೆ ಬಿಂಡಿಗನವಿಲೆಯ ಬಸ್ ಸ್ಟಾಪಿನ ಎದುರಿಗೇ ಇದೆ. ನಾಗಮಂಗಲದ ಬಸ್ಸಿಗೆ ಕಾಯುವವರಿಗೆಲ್ಲ ನಮ್ಮ ಜಗಲಿಯೇ ಟಿ.ವಿ. ನಾನು ಸೊಪ್ಪು ಬಿಡಿಸಿದರೂ ನೋಡುತ್ತಾರೆ, ಆಕಳಿಸಿದರೂ ನೋಡುತ್ತಾರೆ. ಮರೆಗೆಂದು ದಾಸವಾಳ ನೆಟ್ಟೆ, ಗುಲಾಬಿ ನೆಟ್ಟೆ. ಪಕ್ಕದ ಬೀದಿಯ ದಾಸಯ್ಯನ ಕುರಿಗಳು ಎರಡನ್ನೂ ಮುಗಿಸಿದವು.

ಕಡೆಗೆ ಕುಮಟೆಯ ಗೆಳತಿ ಮೇಘನ ಕಡಲ ದಂಡೆಯ ಒಂದು ಕೇದಗೆ ಸಸಿ ಕೊಟ್ಟಳು. ಮರಳು, ಬಿಸಿಲು, ಗಾಳಿ ಯಾವುದಕ್ಕೂ ಜಗ್ಗುವುದಿಲ್ಲವಂತೆ. ಎಲೆಯಂಚಿನ ತುಂಬ ಮುಳ್ಳು, ಕುರಿ ಬಾಯಿ ಹಾಕುವುದಿಲ್ಲವಂತೆ.

ಆಷಾಢದಲ್ಲಿ ನಾನು ಗುಂಡಿ ತೋಡುವಾಗ ಮಾವ ಜವರಯ್ಯ ಜಗಲಿಯಲ್ಲಿ ಕೂತು ಮೀಸೆ ತಿರುವುತ್ತಿದ್ದರು. ಆ ಮೀಸೆಗೆ ದಿನಾ ಹರಳೆಣ್ಣೆ, ವಾರಕ್ಕೊಮ್ಮೆ ಕತ್ತರಿ. ನನ್ನ ಮಗಳು ಚಿನ್ನುವಿಗೂ ಅಷ್ಟು ಆರೈಕೆಯಿಲ್ಲ. ಬಸ್ ಸ್ಟಾಪಿಗೆಲ್ಲ ಕೇಳುವಂತೆ ಅವರು ಕೂಗಿದರು:

"ಸಮುದ್ರದ ಗಿಡ ಈ ಕೆಮ್ಮಣ್ಣಲ್ಲಿ ಬದುಕ್ತದಾ? ಯುಗಾದಿಗಂಟ ಉಳ್ಕಂಡ್ರೆ ಮೀಸೆ ಬೋಳಿಸ್ಕತೀನಿ ಕಣವ್ವ!"

ದಸರಾ ಹೊತ್ತಿಗೆ ಗಿಡ ಮೊಣಕಾಲುದ್ದ ಬಂತು. ಸಂಕ್ರಾಂತಿಗೆ ಸೊಂಟದುದ್ದ. ಮಾವನಿಗೆ ಮುದ್ದೆ ಗಂಟಲಲ್ಲಿ ಇಳಿಯದಾಯಿತು.

ಆಮೇಲೆ ಎರಡು ವಿಚಿತ್ರ ಶುರುವಾದವು. ಅಡುಗೆಮನೆಯ ಕಲ್ಲುಪ್ಪಿನ ಜಾಡಿ ವಾರಕ್ಕೊಮ್ಮೆ ಬರಿದಾಗತೊಡಗಿತು. ಅತ್ತೆ ಚಿಕ್ಕಬೋರಮ್ಮ ನನ್ನ ಸಾರನ್ನು ಅನುಮಾನದಿಂದ ನೆಕ್ಕಿ ನೋಡತೊಡಗಿದರು. ಇನ್ನೊಂದು, ದಾಸಯ್ಯನ ಕುರಿಗಳು ಸಂಜೆ ದೊಡ್ಡಿಯ ದಾರಿ ಬಿಟ್ಟು ಕೇದಗೆಯ ಬುಡಕ್ಕೆ ಮುತ್ತಿ, ಎಲೆ ಮುಟ್ಟದೆ, ಬರೀ ಮಣ್ಣು ನೆಕ್ಕತೊಡಗಿದವು.

ಯುಗಾದಿಗೆ ವಾರವಿದ್ದಾಗ ದಾಸಯ್ಯ ಬಗ್ಗಿ ಒಂದು ಚಿಟಿಕೆ ಮಣ್ಣನ್ನು ತನ್ನ ನಾಲಿಗೆಗೆ ಹಾಕಿಕೊಂಡ. ಕುರಿಗೆ ಉಪ್ಪು ನೆಕ್ಕಿಸಿಯೇ ತಲೆ ನೆರೆತವನು ಅವನು.

"ಲೇ ಜವರ, ಬುಡಕ್ಕೆ ಉಪ್ಪು ಸುರ್ದಿದ್ದೀಯೇನ್ಲಾ?"

ಮಾವ ಆಕಾಶ ನೋಡಿದರು. "ಉಣಸೆ ಮರಾನೇ ಒಣಗ್ಸ್ತದೆ ಉಪ್ಪು. ಇದ್ಯಾವ ಲೆಕ್ಕ ಅಂತ..."

"ಉಪ್ನೀರಲ್ಲೇ ಉಟ್ಟಿದ್ನ ಉಪ್ಪಾಕಿ ಸಾಯ್ಸಕ್ಕೋಗಿದ್ದೀಯಲ್ಲೋ ಬಡ್ಡೈದ್ನೆ! ನನ್ ಕುರಿ ಬ್ಯಾರೆ ಎಲ್ಡು ತಿಂಗ್ಳಿಂದ ಗೊಬ್ರ ಆಕವೆ!"

ಬಸ್ ಸ್ಟಾಪು ಬಿದ್ದು ಬಿದ್ದು ನಕ್ಕಿತು. ನನಗೆ ಮೊದಲು ಮೈಯೆಲ್ಲ ಉರಿಯಿತು. ಮಾವನ ಮುಖ ನೋಡಿದ ಮೇಲೆ ಪಾಪ ಅನ್ನಿಸಿತು.

"ಓಗ್ಲಿ ಬುಡಿ ಮಾವ, ಮೀಸೆ ಇರ್ಲಿ," ಎಂದೆ.

"ಮಾತು ಅಂದ್ರೆ ಮಾತು," ಎಂದು ಅವರು ಎದೆಯುಬ್ಬಿಸಿದರು. ಕಣ್ಣಲ್ಲಿ ನೀರಿತ್ತು.

ಯುಗಾದಿಯ ದಿನ ತಮ್ಮಯ್ಯನ ಸೆಲೂನಿನಿಂದ ಮಾವ ಬಂದಾಗ ಚಿನ್ನು, "ಯಾರೋ ಬಂದವ್ರೆ," ಎಂದು ಒಳಗೆ ಓಡಿದಳು. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಮದ್ವೇಲಿ ಇಂಗೇ ಇತ್ತು ಮೊಖ," ಎಂದರು. ಮಾವನ ಬೋಳು ತುಟಿ ಕೆಂಪಗಾಯಿತು.

ಈಗ ಬಸ್ಸು ಬರುವ ಹೊತ್ತಿಗೆ ಮಾವ ಕೇದಗೆಯ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಆದರೂ ಬೊಕ್ಕತಲೆ ಮೇಲೆ ಕಾಣುತ್ತದೆ. ನಿನ್ನೆ ಬಿಂದಿಗೆಯಲ್ಲಿ ನೀರು ತಂದು ಬುಡಕ್ಕೆ ಹೊಯ್ಯುತ್ತಾ ಗೋಗರೆಯುತ್ತಿದ್ದರು:

"ಬಿರ್‌ಬಿರ್ನೆ ಬೆಳಿಯೇ ನಮ್ಮವ್ವ. ಉಪ್ಪು ಬೇಕಾದ್ರೂ ತಂದ್ಕೊಡ್ತೀನಿ."